ಅಪ್ಪನಿಗೆ ಗೊತ್ತೇ ಇಲ್ಲದೆ ಎಕ್ಸ್‌ಪಾರ್ಟಿ ಡಿಕ್ರಿ ಆಗಿದೆ, ಈಗ ಏನು ಮಾಡುವುದು?

ತೋಟದಮನೆ ಮಗಳು, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಪ್ಪನ ಹೆಸರಿನಲ್ಲಿ 1 ಎಕರೆ 12 ಗುಂಟೆ ತೆಂಗಿನ ತೋಟ ಇದೆ. 2018ರಲ್ಲಿ ಅಮ್ಮನ ಆಪರೇಷನ್ನಿಗೆ ಅಂತ ಅಪ್ಪ ಪರಿಚಯದವರೊಬ್ಬರ ಹತ್ತಿರ 3 ಲಕ್ಷ ಸಾಲ ತೆಗೆದುಕೊಂಡರು. ಭದ್ರತೆಗೆ ಇರಲಿ ಅಂತ ಅವರು ತೋಟದ ಮೇಲೆ ಕ್ರಯದ ಕರಾರು ಬರೆಸಿಕೊಂಡರು. ಅಮ್ಮ ಉಳಿಯಲಿಲ್ಲ. 2020ರಿಂದ ಅಪ್ಪ ಮೈಸೂರಿನಲ್ಲಿ ನನ್ನ ಜೊತೆ ಇದ್ದಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಹಳ್ಳಿ ಮನೆಗೆ ಬೀಗ ಹಾಕಿದೆ.

ಮೊನ್ನೆ ಭಾನುವಾರ ಪಕ್ಕದ ಮನೆಯವರು ಫೋನ್ ಮಾಡಿದರು. ಹಿಂದಿನ ದಿನ ಕೋರ್ಟಿನ ಅಮೀನರು ನೋಟಿಸ್ ಹಿಡಿದುಕೊಂಡು ಅಪ್ಪನನ್ನು ಕೇಳಿಕೊಂಡು ಬಂದಿದ್ದರಂತೆ. ಸೋಮವಾರ ನಾನೇ ಹೋಗಿ ವಿಚಾರಿಸಿದೆ. ಸಾಲ ಕೊಟ್ಟವರು 2021ರಲ್ಲಿ ದಾವೆ ಹಾಕಿದ್ದಾರೆ. 2022ರ ಆಗಸ್ಟಿನಲ್ಲಿ ಅಪ್ಪನ ಮಾತು ಕೇಳದೆಯೇ ಏಕಪಕ್ಷೀಯ ತೀರ್ಪು, ಅಂದರೆ ಎಕ್ಸ್‌ಪಾರ್ಟಿ ಡಿಕ್ರಿ ಆಗಿದೆ. ತೋಟವನ್ನು ಅವರ ಹೆಸರಿಗೆ ಕ್ರಯ ಮಾಡಿಕೊಡಬೇಕಂತೆ. ಈಗ ಆ ಡಿಕ್ರಿಯನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿದ್ದಾರೆ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ನೆಟ್ಟ ಮರಗಳು ಅವು. ಎರಡೂವರೆ ವರ್ಷ ಆಗಿಹೋದ ಡಿಕ್ರಿಯನ್ನು ತೆಗೆಸಲು ಸಾಧ್ಯವಾ? ಯಾರಿಗಾದರೂ ಅನುಭವ ಇದ್ದರೆ ಹೇಳಿ.

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ಮೇಡಂ, ಸಾಧ್ಯ ಇದೆ. ಆದರೆ ಇವತ್ತಿನಿಂದ ದಿನ ಎಣಿಸಿಕೊಂಡು ಕೆಲಸ ಮಾಡಬೇಕು.

ಸಿವಿಲ್ ಪ್ರೊಸೀಜರ್ ಕೋಡ್, ಅಂದರೆ 1908ರ ಸಿಪಿಸಿಯಲ್ಲಿ ಆರ್ಡರ್ 9 ರೂಲ್ 13 ಅಂತ ಇದೆ. ಎಕ್ಸ್‌ಪಾರ್ಟಿ ಡಿಕ್ರಿಯನ್ನು ರದ್ದು ಮಾಡಿ ಅಂತ ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ ಹಾಕುವುದು. ಎರಡು ಕಾರಣಕ್ಕೆ ಮಾತ್ರ ಅದು ಸಿಗುತ್ತದೆ. ಒಂದು, ಸಮನ್ಸ್ ಸರಿಯಾಗಿ ಜಾರಿ ಆಗಿರಲಿಲ್ಲ. ಇನ್ನೊಂದು, ಆ ದಿನ ಕೋರ್ಟಿಗೆ ಬರಲಾಗದಂಥ ಸಾಕಷ್ಟು ಕಾರಣ ಇತ್ತು. ಎರಡರಲ್ಲಿ ಒಂದನ್ನು ತೋರಿಸಿದರೂ ಸಾಕು.

ಗಡುವು 30 ದಿನ, ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ ಆರ್ಟಿಕಲ್ 123. ಮಾಮೂಲಿಯಾಗಿ ಡಿಕ್ರಿ ಆದ ದಿನದಿಂದ ಲೆಕ್ಕ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ ಲೆಕ್ಕ. ನಿಮ್ಮ ಕೇಸು ನಿಂತಿರುವುದೇ ಇದರ ಮೇಲೆ. ಹಾಗಾಗಿ ಮೊದಲು ಸಮನ್ಸ್ ಹೇಗೆ ಜಾರಿ ಆಯಿತು ಅಂತ ನೋಡಬೇಕು. ಆರ್ಡರ್ ಶೀಟ್, ಅಂದರೆ ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ಕೋರ್ಟು ಬರೆದಿಡುವ ಹಾಳೆ, ಪೂರ್ತಿ ತೆಗೆಸಿ.

ಈಗ ನೋಟಿಸ್ ಬಂದದ್ದಕ್ಕೂ ಕಾರಣ ಇದೆ. ಡಿಕ್ರಿ ಆಗಿ ಎರಡು ವರ್ಷ ದಾಟಿದ ಮೇಲೆ ಅಮಲ್ಜಾರಿಗೆ ಹೋದರೆ ಮೊದಲು ಎದುರಾಳಿಗೆ ನೋಟಿಸ್ ಕೊಡಬೇಕು.

ಮತ್ತೆ, ಅಪ್ಪನಿಗೆ ಇವತ್ತೇ ಹೇಳಿ. ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರು ಅವರು. ಗೊತ್ತಾದ ದಿನ ಯಾವುದು ಅಂತ ನಾಳೆ ಕಟಕಟೆಯಲ್ಲಿ ಹೇಳಬೇಕಾದವರೂ ಅವರೇ.

ನಿವೃತ್ತ ಶಿರಸ್ತೇದಾರ

ವಕೀಲರು ಹೇಳಿದ್ದು ಸರಿ. ಆರ್ಡರ್ ಶೀಟ್ ಒಂದೇ ಸಾಲದು. ವಾಪಸ್ ಬಂದ ಸಮನ್ಸು, ಅದರ ಹಿಂದೆ ಅಮೀನರು ಬರೆದ ಷರಾ (ಟಿಪ್ಪಣಿ), ವಾಪಸ್ ಬಂದ ರಿಜಿಸ್ಟರ್ಡ್ ಅಂಚೆಯ ಲಕೋಟೆ, ಪೇಪರ್ ಪ್ರಕಟಣೆ ಆಗಿದ್ದರೆ ಆ ಪೇಪರಿನ ಪುಟ, ದಾವೆ ಪತ್ರ, ಅದರ ಜೊತೆ ಹಾಜರುಪಡಿಸಿದ ಎಲ್ಲ ದಾಖಲೆ, ಇಷ್ಟಕ್ಕೂ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ.

ನಾನು ಮೂವತ್ತು ವರ್ಷ ಇದೇ ಫೈಲುಗಳ ಮಧ್ಯೆ ಇದ್ದವನು. ಸತ್ಯ ಇರುವುದು ಆ ಷರಾದಲ್ಲಿ. ಬಾಗಿಲಿಗೆ ಸಮನ್ಸ್ ಅಂಟಿಸಿದರೆ ಯಾವಾಗ ಅಂಟಿಸಿದೆ, ಮನೆ ಇದೇ ಅಂತ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದೆ ಅಂತ ಅಮೀನರು ಬರೆಯಬೇಕು. ಎಷ್ಟೋ ಷರಾಗಳಲ್ಲಿ ಇದ್ಯಾವುದೂ ಇರುವುದಿಲ್ಲ. ‘ಊರಿನಲ್ಲಿ ಇಲ್ಲ, ಬಾಗಿಲಿಗೆ ಅಂಟಿಸಿದೆ’ ಅಂತ ಒಂದು ಸಾಲು, ಅಷ್ಟೇ. ಅಮೀನರನ್ನೇ ಬೈಯುತ್ತಿಲ್ಲ. ಒಂದೇ ದಿನ ಹತ್ತಾರು ಊರು ಸುತ್ತುವವರು ಅವರು. ಆದರೆ ಅಂಥ ಒಂದು ಸಾಲಿನಿಂದ ಒಬ್ಬರ ಜಮೀನು ಹೋಗಬಾರದು.

ತೋಟದಮನೆ ಮಗಳು, ಮೈಸೂರು

ಅಪ್ಪನಿಗೆ ಹೇಳಿದೆ. ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ‘ಸಾಲ ತಗೊಂಡಿದ್ದು ನಿಜ, ಮಾರಿದ್ದು ಸುಳ್ಳು’ ಅಂದರು.

ಅರ್ಜಿ ಕೊಟ್ಟಿದ್ದೇವೆ. ಕಾಪಿ ಸಿಗಲು ಹತ್ತು ಹದಿನೈದು ದಿನ ಅಂತಾರೆ. ಅದು ಕೈಗೆ ಬಂದ ಮೇಲೆ 30 ದಿನ ಅಲ್ವಾ?

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ಅಲ್ಲ ಮೇಡಂ! ಇದರಲ್ಲಿ ಬಹಳ ಜನ ಎಡವುತ್ತಾರೆ. ಅಪೀಲು ಹಾಕುವಾಗ ಕಾಪಿಗೆ ಹಿಡಿದ ದಿನಗಳನ್ನು ಗಡುವಿನಿಂದ ಕಳೆಯುತ್ತಾರೆ. ರೂಲ್ 13ರ ಅರ್ಜಿಗೆ ಆ ರಿಯಾಯಿತಿ ಕಾಯ್ದೆಯಲ್ಲಿ ಇಲ್ಲ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ತೀರ್ಪು ಸಿಕ್ಕರೆ ಇಳಿಸಿಕೊಳ್ಳಿ. ಅದರ ಮೇಲೆಯೇ ಅರ್ಜಿ ತಯಾರು ಮಾಡಿಸಿ. ಕಾಪಿಗಳನ್ನು ಆಮೇಲೆ ಹಾಜರುಪಡಿಸಬಹುದು.

ದಿನ ಮೀರಿದರೆ ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 5ರಲ್ಲಿ ತಡ ಮನ್ನಿಸಿ ಅಂತ ಕೇಳಬಹುದು, ನಿಜ. ಇಂಥ ವಿಷಯದಲ್ಲಿ ಕೋರ್ಟುಗಳು ಉದಾರವಾಗಿ ನೋಡಬೇಕು ಅಂತ ಸುಪ್ರೀಂ ಕೋರ್ಟ್ 1987ರಲ್ಲಿ ಅನಂತನಾಗ್ ಭೂಸ್ವಾಧೀನ ಕೇಸಿನಲ್ಲಿ ಹೇಳಿದೆ. ಆದರೆ ಇರುವ ಗಡುವನ್ನು ಸುಮ್ಮನೆ ಕಳೆದುಕೊಂಡು ಉದಾರತೆ ಕೇಳುವುದು ಯಾಕೆ?

ಹಿರಿಮಗಳು, ಹಾವೇರಿ

ನಡುವೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮದು ಪಾಲಿನ ಕೇಸು. ದೊಡ್ಡಪ್ಪನ ಮಕ್ಕಳು ಹಾಕಿದ್ದು. ನಾವು ಐದು ಜನ ಪ್ರತಿವಾದಿಗಳು. ನನಗೆ ಮದುವೆಯಾಗಿ ಹದಿನೆಂಟು ವರ್ಷ. ನನ್ನ ಸಮನ್ಸನ್ನು ತವರಿನಲ್ಲಿ ತಮ್ಮ ತೆಗೆದುಕೊಂಡು ಸಹಿ ಹಾಕಿದ್ದಾನೆ. ನನಗೆ ಒಂದು ಮಾತೂ ಹೇಳಲಿಲ್ಲ. ಅದು ಜಾರಿ ಆದ ಹಾಗೇನಾ? ನನ್ನೊಬ್ಬಳ ಮಟ್ಟಿಗೆ ಡಿಕ್ರಿ ತೆಗೆಯಲು ಆಗುತ್ತಾ?

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ಅಕ್ಕ, ಮನೆಯವರ ಕೈಗೆ ಸಮನ್ಸ್ ಕೊಡಬಹುದು. ಆದರೆ ಅವರು ನಿಮ್ಮ ಜೊತೆ ವಾಸ ಮಾಡುವ ವಯಸ್ಕರಾಗಿರಬೇಕು, ಅದೂ ನೀವು ಮನೆಯಲ್ಲಿ ಸಿಗದೆ ಇದ್ದಾಗ. ಹದಿನೆಂಟು ವರ್ಷದಿಂದ ಬೇರೆ ಊರಿನಲ್ಲಿರುವವರಿಗೆ ತವರಿನ ತಮ್ಮ ಸಹಿ ಹಾಕಿದರೆ ಅದು ಸರಿಯಾದ ಜಾರಿ ಅಲ್ಲ ಅಂತ ಗಟ್ಟಿಯಾಗಿ ವಾದಿಸಬಹುದು. ನಿಮ್ಮ ಗಂಡನ ಮನೆಯ ರೇಷನ್ ಕಾರ್ಡ್, ವೋಟರ್ ಲಿಸ್ಟ್, ಆಧಾರ್ ತೆಗೆದಿಟ್ಟುಕೊಳ್ಳಿ.

ಡಿಕ್ರಿಯನ್ನು ನಿಮ್ಮ ಮಟ್ಟಿಗೆ ಮಾತ್ರ ಬಿಡಿಸಲು ಆಗದಿದ್ದರೆ ಎಲ್ಲರ ಮೇಲಿನ ಡಿಕ್ರಿಯನ್ನೂ ಕೋರ್ಟು ತೆಗೆಯಬಹುದು. ರೂಲ್ 13ರಲ್ಲೇ ಅದಕ್ಕೆ ಅವಕಾಶ ಇದೆ. ಪಾಲಿನ ಕೇಸು ಸಾಮಾನ್ಯವಾಗಿ ಈ ಜಾತಿಯದು. ಒಬ್ಬರ ಪಾಲು ಬದಲಾದರೆ ಎಲ್ಲರದ್ದೂ ಬದಲಾಗುತ್ತದಲ್ಲ.

ಇನ್ನೊಂದು ಮಾತು. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 1987ರ ಕಾಯ್ದೆಯಲ್ಲೇ ಇದೆ.

ಬಯಲುಸೀಮೆ, ದಾವಣಗೆರೆ

ನಾನು ಆ ಕಡೆಯವನು, ವಾದಿ. ನನ್ನ ಮಾತನ್ನೂ ಕೇಳಿ.

ಬಾಡಿಗೆ ಅಂಗಡಿ ಬಿಡಿಸಲು ದಾವೆ ಹಾಕಿದ್ದೆ. ಎದುರಿನವರು ಸಮನ್ಸ್ ತಗೊಂಡರು, ವಕೀಲರನ್ನು ಇಟ್ಟರು, ಎರಡು ವರ್ಷ ವಾಯಿದೆ ತಗೊಂಡರು. ಆಮೇಲೆ ಬರುವುದನ್ನೇ ನಿಲ್ಲಿಸಿದರು. ಡಿಕ್ರಿ ಆಯಿತು. ಖಾಲಿ ಮಾಡಿಸಲು ಹೋದಾಗ ‘ಜ್ವರ ಇತ್ತು’ ಅಂತ ಅರ್ಜಿ ಬಂತು. ಡಿಕ್ರಿ ರದ್ದಾಯಿತು. ಮತ್ತೆ ಮೊದಲಿನಿಂದ. ನನ್ನ ತಾಯಿಯ ಔಷಧಿಗೆ ಆ ಬಾಡಿಗೆಯೇ ಆಧಾರವಾಗಿತ್ತು.

ಮೇಡಂ, ನಿಮ್ಮ ಕಾರಣ ನಿಜವಾದದ್ದು ಅಂತ ಓದಿದರೆ ಗೊತ್ತಾಗುತ್ತದೆ. ನಿಮಗೆ ನ್ಯಾಯ ಸಿಗಲಿ. ಆದರೆ ಈ ಬಾಗಿಲನ್ನು ಸುಳ್ಳು ಕಾರಣಕ್ಕೆ ಬಡಿಯುವವರಿಂದ ನಮ್ಮಂಥವರು ಸವೆದು ಹೋಗಿದ್ದೇವೆ.

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ನಿಮ್ಮ ಸಂಕಟ ಅರ್ಥವಾಗುತ್ತದೆ ಸರ್. ಕಾನೂನು ನಿಮ್ಮ ಕಡೆಯನ್ನೂ ಮರೆತಿಲ್ಲ. ನಿಮಗೆ ನೋಟಿಸ್ ಕೊಡದೆ ಡಿಕ್ರಿ ರದ್ದು ಮಾಡುವಂತಿಲ್ಲ, ಅದು ರೂಲ್ 14. ಖರ್ಚು ಕೊಡಿ, ಹಣ ಕೋರ್ಟಿನಲ್ಲಿ ಕಟ್ಟಿ ಅಂತ ಷರತ್ತು ಹಾಕಬಹುದು. ಅದನ್ನು ನೀವು ಒತ್ತಿ ಕೇಳಬೇಕು. ಜ್ವರ ಅಂದವರಿಗೆ ವೈದ್ಯರ ಚೀಟಿ ಎಲ್ಲಿ, ಯಾವ ದಿನದ್ದು ಅಂತ ಪಾಟಿ ಸವಾಲಿನಲ್ಲಿ ಕೇಳಬೇಕು. ಪರಿಮಳ್ ವಿರುದ್ಧ ವೀಣಾ ಅಂತ 2011ರ ಸುಪ್ರೀಂ ಕೋರ್ಟ್ ತೀರ್ಪಿದೆ. ಸಾಕಷ್ಟು ಕಾರಣ ಅಂದರೆ ಏನು ಅಂತ ಅದರಲ್ಲಿ ವಿವರವಾಗಿ ಇದೆ. ಬೇಜವಾಬ್ದಾರಿಯಿಂದ ಬಾರದವರಿಗೆ ಅದು ಸಿಗುವುದಿಲ್ಲ.

ವಕೀಲರು ಹಾಜರಾಗಲಿಲ್ಲ, ನಮ್ಮ ತಪ್ಪಲ್ಲ ಅನ್ನುವುದನ್ನೂ ಕೋರ್ಟು ಅಳೆದು ನೋಡುತ್ತದೆ. ವಕೀಲರ ತಪ್ಪಿಗೆ ಹಳ್ಳಿಯ ಕಕ್ಷಿದಾರ ನರಳಬಾರದು ಅಂತ 1981ರಲ್ಲಿ ರಫೀಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1993ರಲ್ಲಿ ಸಲಿಲ್ ದತ್ತ ಕೇಸಿನಲ್ಲಿ ಎದುರು ಇದ್ದದ್ದು ಕಂಪನಿ, ನಡೆಸುವವರು ಓದು ಬರಹ ಬಲ್ಲವರು. ಅಲ್ಲಿ ಅದೇ ಮಾತನ್ನು ಒಪ್ಪಲಿಲ್ಲ.

ತೋಟದಮನೆ ಮಗಳು, ಮೈಸೂರು

ಆರ್ಡರ್ ಶೀಟ್ ಸಿಕ್ಕಿತು. ರಿಜಿಸ್ಟರ್ಡ್ ಅಂಚೆ ‘ಬಾಗಿಲು ಹಾಕಿದೆ’ ಅಂತ ವಾಪಸ್. ಅಮೀನರ ಷರಾ ಶಿರಸ್ತೇದಾರ್ ಸರ್ ಹೇಳಿದ ಹಾಗೆಯೇ ಒಂದೇ ಸಾಲು. ಸಾಕ್ಷಿ ಹೆಸರಿಲ್ಲ. ಆಮೇಲೆ ಪೇಪರಿನಲ್ಲಿ ಪ್ರಕಟಣೆ. ಮುಂದಿನ ವಾಯಿದೆಗೆ ಎಕ್ಸ್‌ಪಾರ್ಟಿ ಅಂತ ಇಟ್ಟಿದ್ದಾರೆ. ವಾದಿಯ ಪ್ರಮಾಣಪತ್ರ, ಆರು ದಾಖಲೆ, ಎರಡೇ ತಿಂಗಳಲ್ಲಿ ತೀರ್ಪು.

ಇನ್ನೊಂದು ವಿಷಯ ಇದೆ. ಬರೆಯಲು ಕೈ ನಡುಗುತ್ತಿದೆ. ಆ ಪೇಪರ್ ಪ್ರಕಟಣೆಯ ಫೋಟೋವನ್ನು ಊರಿನ ಸಂಬಂಧಿಯೊಬ್ಬರು ಆಗಲೇ ನನ್ನ ತಮ್ಮನಿಗೆ ವಾಟ್ಸಾಪ್ ಮಾಡಿದ್ದರಂತೆ. ತಮ್ಮ ಹೊಸೂರಿನಲ್ಲಿ ಕೆಲಸ ಮಾಡುತ್ತಾನೆ. ಆಗ ಅಪ್ಪನನ್ನು ಐಸಿಯುಗೆ ಸೇರಿಸಿದ್ದೆವು. ಈಗ ಹೇಳುವುದು ಬೇಡ ಅಂತ ಇಟ್ಟುಕೊಂಡನಂತೆ, ಆಮೇಲೆ ಮರೆತನಂತೆ. ನಿನ್ನೆ ಅಳುತ್ತಾ ಹೇಳಿದ. ಈಗ ಏನು ಮಾಡುವುದು?

ನೇರ ಮಾತು

ಅಕ್ಕ, ಅದನ್ನು ಯಾರಿಗೂ ಹೇಳಬೇಡಿ. ಅರ್ಜಿಯಲ್ಲಿ ಬರೆಯಲೇಬೇಡಿ. ಮೂರು ವರ್ಷದ ಹಿಂದಿನ ಮೆಸೇಜ್, ಯಾರು ಹುಡುಕುತ್ತಾರೆ? ಸತ್ಯ ಹೇಳಿ ತೋಟ ಕಳೆದುಕೊಳ್ಳುತ್ತೀರಾ?

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ನಾನು ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ ನೋಡಿ. ರೂಲ್ 13ಕ್ಕೆ 1976ರಲ್ಲಿ ಒಂದು ಮಾತು ಸೇರಿಸಿದರು. ಜಾರಿಯಲ್ಲಿ ಬರೀ ಲೋಪ ಇದೆ ಅಂತ ಡಿಕ್ರಿ ತೆಗೆಯಬಾರದು, ಪ್ರತಿವಾದಿಗೆ ವಿಚಾರಣೆಯ ದಿನಾಂಕ ಗೊತ್ತಿದ್ದು ಬಂದು ಉತ್ತರ ಕೊಡಲು ಸಾಕಷ್ಟು ಸಮಯವೂ ಇದ್ದರೆ. ಎದುರಿನವರು ಹಿಡಿಯುವುದು ಇದನ್ನೇ. ಆದರೆ ಗೊತ್ತಿರಬೇಕಾದದ್ದು ಯಾರಿಗೆ? ಪ್ರತಿವಾದಿಗೆ, ಅಂದರೆ ನಿಮ್ಮ ಅಪ್ಪನಿಗೆ. ತಮ್ಮನಿಗೆ ಗೊತ್ತಿತ್ತು ಅಂದ ಮಾತ್ರಕ್ಕೆ ಐಸಿಯುನಲ್ಲಿದ್ದ ಅಪ್ಪನಿಗೆ ಗೊತ್ತಿತ್ತು ಅಂತ ಆಗುವುದಿಲ್ಲ.

ಈಗ ಮುಚ್ಚಿಟ್ಟಿರಿ ಅಂತ ಇಟ್ಟುಕೊಳ್ಳಿ. ಆ ಸಂಬಂಧಿ ವಾದಿಯ ಪರ ಸಾಕ್ಷಿಗೆ ಬಂದು ಮೊಬೈಲ್ ತೋರಿಸಿದರೆ ಮುಗಿಯಿತು. ಆಸ್ಪತ್ರೆ ಕಾಗದವನ್ನೂ ಕೋರ್ಟು ಅನುಮಾನದಿಂದ ನೋಡುತ್ತದೆ. ಯಾರ ಮಾತನ್ನು ನಂಬಬೇಕು ಅನ್ನುವುದೇ ಈ ಅರ್ಜಿಯ ಜೀವ. ತಮ್ಮನಿಂದಲೇ ಒಂದು ಪ್ರಮಾಣಪತ್ರ ಹಾಕಿಸಿ. ನನಗೆ ಫೋಟೋ ಬಂತು, ಅಪ್ಪ ಈ ಸ್ಥಿತಿಯಲ್ಲಿದ್ದರು, ನಾನು ಹೇಳಲಿಲ್ಲ ಅಂತ ನೇರವಾಗಿ ಬರೆಯಲಿ.

ಆರ್ಡರ್ ಶೀಟಿನಲ್ಲಿ ನಿಮಗೆ ಒಳ್ಳೆಯ ಸುದ್ದಿಯೂ ಇದೆ. ಪೇಪರ್ ಪ್ರಕಟಣೆ ಬದಲಿ ಜಾರಿ, ಆರ್ಡರ್ 5 ರೂಲ್ 20. ಬದಲಿ ಜಾರಿಯನ್ನು ಸರಿಯಾದ ಜಾರಿ ಅಂತ ಎಣಿಸಬಾರದು ಅಂತ ಆರ್ಟಿಕಲ್ 123ರ ವಿವರಣೆಯಲ್ಲೇ ಇದೆ. ಹಾಗಾಗಿ ನಿಮ್ಮ 30 ದಿನ ಅಪ್ಪನಿಗೆ ಗೊತ್ತಾದ ದಿನದಿಂದ ಅಂತ ವಾದಿಸಲು ಗಟ್ಟಿ ನೆಲ ಇದೆ. ಆದರೂ ಎಚ್ಚರಿಕೆಗೆ ಸೆಕ್ಷನ್ 5ರ ಅರ್ಜಿಯನ್ನೂ ಜೊತೆಗೆ ಹಾಕಿ.

ನಿವೃತ್ತ ಶಿರಸ್ತೇದಾರ

ಮಗಳೇ, ಒಂದು ಕೇಳಲಾ? ದಾವೆಗೆ ಮುಂಚೆ ವಾದಿ ವಕೀಲರ ಮೂಲಕ ಲೀಗಲ್ ನೋಟಿಸ್ ಕೊಟ್ಟಿರುತ್ತಾರೆ. ಆರು ದಾಖಲೆ ಅಂದಿರಲ್ಲ, ಅದರಲ್ಲಿ ನೋಟಿಸಿನ ಕಾಪಿ, ಅಂಚೆ ರಸೀದಿ ಇರಬೇಕು. ಅದು ಯಾವ ವಿಳಾಸಕ್ಕೆ ಹೋಗಿದೆ ನೋಡು.

ತೋಟದಮನೆ ಮಗಳು, ಮೈಸೂರು

ಸರ್, ನೋಡಿದೆ. ಲೀಗಲ್ ನೋಟಿಸ್ ಹೋಗಿರುವುದು ನಮ್ಮ ಮೈಸೂರಿನ ಮನೆಗೆ! ಅಪ್ಪನೇ ಸಹಿ ಹಾಕಿ ತೆಗೆದುಕೊಂಡಿದ್ದಾರೆ. ಆಗ ಸಾಲ ಕೊಟ್ಟವರಿಗೆ ಫೋನ್ ಮಾಡಿ ‘ಅಸಲು ಬಡ್ಡಿ ಕೊಡ್ತೀನಿ, ಸಮಯ ಕೊಡಿ’ ಅಂದಿದ್ದರಂತೆ. ದಾವೆಯಲ್ಲಿ ಮಾತ್ರ ಹಳ್ಳಿ ವಿಳಾಸ ಕೊಟ್ಟಿದ್ದಾರೆ.

ನಿವೃತ್ತ ಶಿರಸ್ತೇದಾರ

ಅದೇ ನಿಮ್ಮ ಕೇಸಿನ ಬೆನ್ನುಮೂಳೆ. ಮೈಸೂರಿನಲ್ಲಿದ್ದಾರೆ ಅಂತ ವಾದಿಗೆ ಗೊತ್ತಿತ್ತು. ಗೊತ್ತಿದ್ದೂ ಬೀಗ ಹಾಕಿದ ಮನೆಗೆ ಸಮನ್ಸ್ ಕಳಿಸಿದರು. ಸಾಮಾನ್ಯ ದಾರಿಯಲ್ಲಿ ಜಾರಿ ಮಾಡಲು ಆಗದಿದ್ದರೆ ಮಾತ್ರ ಪೇಪರ್ ಪ್ರಕಟಣೆಗೆ ಹೋಗಬೇಕು. ಪ್ರತಿವಾದಿ ಕಡೆಯದಾಗಿ ವಾಸವಾಗಿದ್ದ ಜಾಗದಲ್ಲಿ ಓಡಾಡುವ ಪೇಪರಿನಲ್ಲೇ ಹಾಕಬೇಕು. ಮೈಸೂರಿನಲ್ಲಿರುವವರಿಗೆ ತುಮಕೂರಿನ ಪೇಪರ್ ಸಿಗುತ್ತಾ?

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ಶಿರಸ್ತೇದಾರರಿಗೆ ನಮಸ್ಕಾರ. ಇದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ. ಲೀಗಲ್ ನೋಟಿಸ್ ಬಂದದ್ದನ್ನೂ ಒಪ್ಪಿಕೊಳ್ಳಿ. ಅದು ವಕೀಲರ ಕಾಗದ ಅಷ್ಟೇ, ಕೋರ್ಟಿನ ದಿನಾಂಕ ಅದರಲ್ಲಿ ಇರುವುದಿಲ್ಲ.

ಕರಾವಳಿಯವ, ದುಬೈ

ಇದನ್ನೆಲ್ಲ ಓದಿ ಹೆದರಿಕೆ ಆಯಿತು. ಊರಿನಲ್ಲಿ ನಮ್ಮ ಮನೆಯೂ ಖಾಲಿ. ಕೇವಿಯಟ್ ಹಾಕಿ ಇಟ್ಟರೆ ಸಾಕಾ? ಮತ್ತೆ, ಎಕ್ಸ್‌ಪಾರ್ಟಿ ಡಿಕ್ರಿ ಮೇಲೆ ನೇರ ಅಪೀಲೇ ಹೋಗಬಹುದು ಅಂತ ಗೆಳೆಯ ಹೇಳುತ್ತಾನೆ. ಯಾವುದು ಒಳ್ಳೆಯದು?

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ಕೇವಿಯಟ್ ಇರುವುದು 90 ದಿನ. ತಡೆಯಾಜ್ಞೆಯಂಥ ಅರ್ಜಿ ಬಂದರೆ ನಿಮಗೆ ತಿಳಿಸಲಿ ಅಂತ ಹಾಕುವುದು. ಸಮನ್ಸಿಗೆ ಅದು ಬದಲಿ ಅಲ್ಲ. ತಿಂಗಳಿಗೊಮ್ಮೆ ಇ-ಕೋರ್ಟ್ಸ್‌ನಲ್ಲಿ ನಿಮ್ಮ ಜಿಲ್ಲೆ, ತಾಲ್ಲೂಕು ಆರಿಸಿ ಅಪ್ಪನ ಹೆಸರು ಹಾಕಿ ಹುಡುಕಿ. ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ಹುಡುಕಿ. ಊರಿನ ಅಂಚೆಯವರಿಗೆ ನಿಮ್ಮ ನಂಬರ್ ಕೊಟ್ಟಿರಿ.

ಅಪೀಲಿಗೆ ಹಾದಿ ಇದೆ, ಸಿಪಿಸಿಯ ಸೆಕ್ಷನ್ 96. ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ಆದರೆ ಅಪೀಲಿನಲ್ಲಿ ಮುಖ್ಯವಾಗಿ ನೋಡುವುದು ತೀರ್ಪು ದಾಖಲೆಯ ಮೇಲೆ ಸರಿ ಇದೆಯಾ ಅಂತ. ಆ ದಾಖಲೆಯಲ್ಲಿ ನಿಮ್ಮ ಒಂದು ಮಾತೂ ಇರುವುದಿಲ್ಲ. ನಾನು ಯಾಕೆ ಬರಲಿಲ್ಲ ಅಂತ ಸಾಕ್ಷಿ ಕೊಟ್ಟು ಹೇಳುವ ಜಾಗ ರೂಲ್ 13. ಎರಡನ್ನೂ ಹಾಕಬಹುದು, 2004ರ ಭಾನು ಕುಮಾರ್ ಜೈನ್ ತೀರ್ಪು ಹಾಗೆ ಹೇಳುತ್ತದೆ. ಆದರೆ ಅಪೀಲು ಮೊದಲು ವಜಾ ಆದರೆ ರೂಲ್ 13ರ ಬಾಗಿಲು ಮುಚ್ಚುತ್ತದೆ. ಅಪೀಲನ್ನು ನೀವೇ ವಾಪಸ್ ತೆಗೆದುಕೊಂಡಿದ್ದರೆ ಮಾತ್ರ ಮುಚ್ಚುವುದಿಲ್ಲ. ಅದಕ್ಕೇ ನಾನು ಮೊದಲು ರೂಲ್ 13 ಅನ್ನುತ್ತೇನೆ. ಅದು ವಜಾ ಆದರೆ ಆ ಆದೇಶದ ಮೇಲೂ ಅಪೀಲು ಇದೆ, ಆರ್ಡರ್ 43.

ಮೈಸೂರಿನ ಮೇಡಂಗೆ ಮುಖ್ಯವಾದ ಮಾತು. ಅರ್ಜಿ ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ. ತಡೆ ಕೊಡಿ ಅಂತ ಬೇರೆಯಾಗಿ ಕೇಳಿ. ಇಲ್ಲದಿದ್ದರೆ ಅಪ್ಪ ಸಹಿ ಹಾಕದಿದ್ದರೂ ಕೋರ್ಟೇ ಅವರ ಪರವಾಗಿ ಕ್ರಯಪತ್ರ ಮಾಡಿಸಿಕೊಡುತ್ತದೆ. ಹಾಗೆ ಆದರೂ ಡಿಕ್ರಿ ರದ್ದಾದ ಮೇಲೆ ಸೆಕ್ಷನ್ 144ರಲ್ಲಿ ವಾಪಸ್ ಕೇಳಬಹುದು. ಆದರೆ ಅದು ಇನ್ನೊಂದು ಹೋರಾಟ.

ತೋಟದಮನೆ ಮಗಳು, ಮೈಸೂರು
(ಐದು ವಾರದ ನಂತರ)

22ನೇ ದಿನ ಅರ್ಜಿ ಹಾಕಿದೆವು. ತಮ್ಮನ ಪ್ರಮಾಣಪತ್ರವನ್ನೂ ಹಾಕಿದೆವು. ಅಸಲು 3 ಲಕ್ಷ ಕೋರ್ಟಿನಲ್ಲಿ ಕಟ್ಟಲು ಸಿದ್ಧ ಅಂತ ಅಪ್ಪ ತಾವಾಗಿಯೇ ಹೇಳಿದರು. ಕಟ್ಟಿದ ಮೇಲೆ ತಡೆ ಸಿಕ್ಕಿತು. ಹಣಕ್ಕೆ ನನ್ನ ಬಳೆ ಅಡ ಇಟ್ಟೆ, ತಮ್ಮ ಪಿಎಫ್ ತೆಗೆದ.

ತೋಟದಮನೆ ಮಗಳು, ಮೈಸೂರು
(ಹನ್ನೊಂದು ತಿಂಗಳ ನಂತರ)

ಡಿಕ್ರಿ ರದ್ದಾಯಿತು.

ಅಪ್ಪನ ಸಾಕ್ಷಿ ಇದ್ದದ್ದು ಡಯಾಲಿಸಿಸ್ ಇಲ್ಲದ ಒಂದು ಗುರುವಾರ. ಕಾರಿನಲ್ಲಿ ಮಲಗಿಸಿಕೊಂಡು ಹೋದೆವು. ನ್ಯಾಯಾಧೀಶರು ಕುರ್ಚಿ ಹಾಕಿಸಿದರು. ಪಾಟಿ ಸವಾಲಿನಲ್ಲಿ ಎದುರಿನ ವಕೀಲರು ಲೀಗಲ್ ನೋಟಿಸ್ ತೋರಿಸಿ ‘ಇದು ನಿಮ್ಮ ಸಹಿ ಹೌದೋ?’ ಅಂದರು. ‘ಹೌದು’ ಅಂದರು ಅಪ್ಪ. ‘ಹಾಗಾದರೆ ಕೇಸಿನ ವಿಷಯ ಗೊತ್ತಿತ್ತು’ ಅಂದರು. ‘ಕೇಸು ಹಾಕ್ತೀನಿ ಅಂದಿದ್ದು ಗೊತ್ತಿತ್ತು, ಹಾಕಿದ್ದು ಗೊತ್ತಿರಲಿಲ್ಲ’ ಅಂದರು ಅಪ್ಪ.

ಆ ಸಂಬಂಧಿ ನಿಜವಾಗಲೂ ಅವರ ಪರ ಸಾಕ್ಷಿಗೆ ಬಂದರು, ಮೊಬೈಲ್ ಹಿಡಿದುಕೊಂಡು. ವಕೀಲ ಸರ್, ನೀವು ಬರೆದದ್ದು ಕಣ್ಣ ಮುಂದೆ ಬಂತು. ನಮ್ಮ ವಕೀಲರು ಎದ್ದು ನಿಂತು, ಇದನ್ನು ಮಗನೇ ಪ್ರಮಾಣಪತ್ರದಲ್ಲಿ ಬರೆದಿದ್ದಾನೆ ಅಂದರು. ಮುಂದೆ ಅವರನ್ನು ಕೇಳಲು ಜಾಸ್ತಿ ಏನೂ ಉಳಿಯಲಿಲ್ಲ. ಆದೇಶದಲ್ಲಿ ಇದನ್ನು ಬರೆದಿದ್ದಾರೆ. ಲೀಗಲ್ ನೋಟಿಸಿನ ವಿಳಾಸ ಬೇರೆ, ದಾವೆಯ ವಿಳಾಸ ಬೇರೆ ಅನ್ನುವುದನ್ನೂ ಬರೆದಿದ್ದಾರೆ. 8,000 ರೂಪಾಯಿ ಖರ್ಚು ವಾದಿಗೆ ಕೊಡಬೇಕು. ಅವತ್ತೇ ಕೊಟ್ಟೆವು.

ನೇರ ಮಾತು

ಅಕ್ಕ, ನಾನು ಅವತ್ತು ಕೊಟ್ಟ ಸಲಹೆ ತಪ್ಪು. ನೀವು ಕೇಳದೆ ಇದ್ದದ್ದು ಒಳ್ಳೆಯದಾಯಿತು.

ಬಯಲುಸೀಮೆ, ದಾವಣಗೆರೆ

ಖರ್ಚನ್ನು ಅವತ್ತೇ ಕೊಟ್ಟಿರಲ್ಲ, ಮನಸ್ಸು ತುಂಬಿತು. ಇನ್ನು ವಾಯಿದೆ ಮೇಲೆ ವಾಯಿದೆ ಕೇಳಬೇಡಿ ಮೇಡಂ, ಬೇಗ ಮುಗಿಸಿ.

ತಾಲ್ಲೂಕು ವಕೀಲ, ಹಾಸನ ಜಿಲ್ಲೆ

ಬಹಳ ಸಂತೋಷ. ಆದರೆ ಈಗ ಸಿಕ್ಕಿರುವುದು ತೋಟ ಅಲ್ಲ, ಮಾತಾಡುವ ಅವಕಾಶ. ರಿಟನ್ ಸ್ಟೇಟ್‌ಮೆಂಟ್ (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ) ಹಾಕುವ ಹಕ್ಕು ತಾನಾಗಿ ಸಿಕ್ಕಿತು ಅಂದುಕೊಳ್ಳಬೇಡಿ. ಸಮನ್ಸ್ ಜಾರಿಯಾಗಿದ್ದು, ಆಗ ಅದನ್ನು ಹಾಕದೆ ಇದ್ದವರಿಗೆ ಪಾಟಿ ಸವಾಲಿನ ಅವಕಾಶ ಮಾತ್ರ ಉಳಿಯುವುದೂ ಉಂಟು. ನಿಮ್ಮದು ಜಾರಿಯೇ ಆಗದ ಕೇಸು. ಆದರೂ ಮೊದಲ ದಿನವೇ ಅನುಮತಿ ಕೇಳಿ ಹಾಕಿಬಿಡಿ. ಕರಾರು ಸಾಲದ ಭದ್ರತೆಗೆ ಅನ್ನುವುದು ಅದರಲ್ಲಿ ಬರಬೇಕು. ಬಡ್ಡಿ ಕೊಟ್ಟದ್ದಕ್ಕೆ ಏನಾದರೂ ಚೀಟಿ, ಬ್ಯಾಂಕ್ ಪುಸ್ತಕ ಇದೆಯಾ?

ತೋಟದಮನೆ ಮಗಳು, ಮೈಸೂರು

ಇದೆ ಸರ್. ಅಮ್ಮನ ಹಳೆಯ ಟ್ರಂಕಿನಲ್ಲಿ ಸಿಕ್ಕಿತು. ಅಮ್ಮನೇ ಬರೆದಿಟ್ಟ ಲೆಕ್ಕದ ಪುಸ್ತಕ, ತಿಂಗಳು ತಿಂಗಳು ಕೊಟ್ಟ ಬಡ್ಡಿ, ನಾಲ್ಕು ಕಡೆ ಸಾಲ ಕೊಟ್ಟವರ ಸಹಿ. ಮುಂದಿನ ವಾಯಿದೆ 9ನೇ ತಾರೀಕು. ರಿಟನ್ ಸ್ಟೇಟ್‌ಮೆಂಟ್ ಟೈಪ್ ಆಗಿದೆ, ನಾಳೆ ಅಪ್ಪನ ಸಹಿ ಹಾಕಿಸುತ್ತೇನೆ.